ಪೆನಾಲ್ಟಿ ಟೆಂಟಿನಲ್ಲಿ ಐದು ನಿಮಿಷ

ಐವತ್ತಾರನೇ ಕಿಲೋಮೀಟರಿನ ಹತ್ತಿರ ಹಿಂದಿನಿಂದ ಒಂದು ಸೈಕಲ್ಲು ಬಂದು ಅವಳ ಪಕ್ಕಕ್ಕೆ ಸೇರಿತು. ಯಾರೆಂದು ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಬೆಳಗಿನಿಂದ ಸುರಿಯುತ್ತಿದ್ದ ಮಳೆಗೆ ಎಲ್ಲರ ಚೈನುಗಳೂ ಕಿರುಗುಟ್ಟುತ್ತಿದ್ದವು. ಇದೊಂದು ಮಾತ್ರ ಸದ್ದಿಲ್ಲದೆ ಬಂದಿತ್ತು. ಎಣ್ಣೆ ಬಿಡದೆ ಮನೆಯ ಬಾಗಿಲನ್ನೂ ತೆಗೆಯದ ಮನುಷ್ಯ ಅವಳಿಗೆ ಗೊತ್ತಿದ್ದಂತೆ ಒಬ್ಬನೇ.

“ಏನು ಸೂಜಿ, ಚಳೀನಾ?” ಅಂದ.

“ಇಲ್ಲ, ಸೆಕೆ,” ಅಂದಳು. ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು, ಬಿಗುಮಾನಕ್ಕೆ ಮಾತ್ರ ಏನೂ ಕೊರತೆಯಿರಲಿಲ್ಲ.

“ನಂಗೆ ಎರಡು ಪಂಚರ್ ಆಯ್ತು.”

“ಒಳ್ಳೇದಾಯ್ತು.”

ಆರು ದಿನದ ಮುನಿಸಿನ ನಂತರ ಅವರಿಬ್ಬರ ನಡುವೆ ನಡೆದ ಮೊದಲ ಮಾತುಕತೆ ಇದು. ಅವನು ನಕ್ಕು ಮುಂದೆ ಹೋದ. ಅವನ ಹಿಂಚಕ್ರ ಎರಚಿದ ಕೆಸರು ನೀರು ನೆಟ್ಟಗೆ ಅವಳ ಮುಖಕ್ಕೇ ಬಂತು.

ಆಸ್ಪತ್ರೆಯಲ್ಲಿ ರಕ್ತ ತೆಗೆಯುವುದು ಅವಳ ಕೆಲಸ. ಕಿಟಕಿಯಿಲ್ಲದ ಒಂದು ಕೋಣೆ, ಒಂದು ತಿರುಗುವ ಕುರ್ಚಿ, ದಿನಕ್ಕೆ ಎಂಬತ್ತು ತೋಳು. ಹಾಗಾಗಿ ಬೆಳಗಿನ ಪ್ರಾಕ್ಟೀಸಿನ ಗುಂಪಿನವರು ಅವಳಿಗೆ ಸೂಜಿ ಎಂದೇ ಹೆಸರಿಟ್ಟಿದ್ದರು. ಅವನು ಲಿಫ್ಟ್ ರಿಪೇರಿ ಮಾಡುವವನು. ಅವನ ಹೆಸರು ಲಿಫ್ಟ್. ಮೂರು ವರ್ಷದಿಂದ ಜೊತೆಯಲ್ಲಿ ಈಜಿ, ತುಳಿದು, ಓಡಿ, ಒಬ್ಬರ ಬೆವರಿನ ವಾಸನೆ ಇನ್ನೊಬ್ಬರಿಗೆ ಬಾಯಿಪಾಠವಾಗಿತ್ತು. ಅಷ್ಟಾದರೂ ಅವರು ಮಾತಾಡಿಕೊಂಡದ್ದೆಲ್ಲ ಟೈರು, ಮಂಡಿನೋವು, ಬಾಳೆಹಣ್ಣು ಇಷ್ಟರ ಬಗ್ಗೆಯೇ.

ಹತ್ತು ದಿನದ ಕೆಳಗೆ ಈಜುಕೊಳದ ಹೊರಗೆ, ಒದ್ದೆ ತಲೆಯನ್ನು ಟವೆಲಿನಲ್ಲಿ ಉಜ್ಜಿಕೊಳ್ಳುತ್ತಾ, ಅವನು ಕೇಳಿದ್ದ: “ನಾವಿಬ್ರೂ ಮದುವೆ ಆದ್ರೆ ಹೇಗೆ?”

ಬ್ರೇಕಿನ ಪ್ಯಾಡ್ ಬದಲಾಯಿಸೋಣವೇ ಎಂದು ಕೇಳುವಾಗಲೂ ಅವನ ದನಿ ಹಾಗೇ ಇರುತ್ತಿತ್ತು. ಆದರೆ ಟವೆಲು ಮಾತ್ರ ಅವನ ಮುಖದ ಮೇಲಿಂದ ಎಷ್ಟು ಹೊತ್ತಾದರೂ ಕೆಳಗೆ ಇಳಿಯಲಿಲ್ಲ. ಸೂಜಿಯ ಬಾಯಲ್ಲಿ ಬಂದದ್ದು, “ರೇಸ್ ಮುಗೀಲಿ, ಹೇಳ್ತೀನಿ,” ಎಂದಷ್ಟೇ.

ಅದಾದ ನಾಲ್ಕನೇ ದಿನ ಕೋಚ್ ಅವಳನ್ನು ಪಕ್ಕಕ್ಕೆ ಕರೆದು, ಈ ಸಲ ನೀನು ರೇಸಿಗೆ ಇಳಿಯದಿದ್ದರೆ ಒಳ್ಳೆಯದೇನೋ, ಲಿಫ್ಟ್ ಕೂಡ ಅದನ್ನೇ ಹೇಳುತ್ತಿದ್ದ, ಹೆಸರು ತೆಗೆಸಿಬಿಡಲಾ ಎಂದು ಕೇಳಿದರು. ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಅವತ್ತಿನಿಂದ ಮಾತು ಬಂದ್.

ಯಾಕೆ ಅಷ್ಟು ಉರಿಯಿತು ಅಂದರೆ, ವಾರದ ಏಳು ದಿನದಲ್ಲಿ ಅವಳದೇ ಅಂತ ಇದ್ದದ್ದು ಇದೊಂದೇ. ಎರಡು ವರ್ಷದ ಹಿಂದೆ ಅಪ್ಪನಿಗೆ ಸ್ಟ್ರೋಕ್ ಆಗಿ ಎಡಭಾಗ ಸ್ವಾಧೀನ ತಪ್ಪಿತ್ತು. ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ತಬ್ಬಿ ಹಿಡಿದು ಎಬ್ಬಿಸಿ ಕೂರಿಸಬೇಕು, ಗಂಟಲಿಗೆ ಸಿಕ್ಕದಂತೆ ಚಮಚದಲ್ಲಿ ಉಣಿಸಬೇಕು. ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು; ಮಿಕ್ಕದ್ದೆಲ್ಲ ಸೂಜಿಯ ಪಾಲು. ಮಂಚದ ಪಕ್ಕದಲ್ಲೇ ಸೈಕಲ್ಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿಕೊಂಡು ಅವಳು ತುಳಿಯುತ್ತಿದ್ದಳು, ಅಪ್ಪ ಸರಿಯಿದ್ದ ಬಲಗೈಯಿಂದ ಮಂಚದ ಕಂಬಿ ತಟ್ಟಿ ಜೋರಾಗಿ, ಇನ್ನೂ ಜೋರಾಗಿ ಅನ್ನುತ್ತಿದ್ದರು. ಇವತ್ತು ಅವರ ಜೊತೆ ಚಿಕ್ಕಮ್ಮ ಇದ್ದಳು. ಬೆಳಿಗ್ಗೆ ಹೊರಡುವಾಗ ಆಕಾಶ ನೋಡಿ ಚಿಕ್ಕಮ್ಮ ಅಂದಿದ್ದಳು: “ಈ ಮಳೇಲಿ ಈಜೋಕೆ ಕೆರೆಗ್ಯಾಕೆ ಹೋಗ್ಬೇಕೇ? ಬಾಗಿಲ ಮುಂದೆ ನಿಂತ್ಕೋ, ಸಾಕು.”

ಕೆರೆಯಲ್ಲಿ ಸಾವಿರದ ಒಂಬೈನೂರು ಮೀಟರ್ ಈಜು, ಆಮೇಲೆ ತೊಂಬತ್ತು ಕಿಲೋಮೀಟರ್ ಸೈಕಲ್, ಆಮೇಲೆ ಇಪ್ಪತ್ತೊಂದು ಕಿಲೋಮೀಟರ್ ಓಟ. ಗುಡುಗಿನ ದೆಸೆಯಿಂದ ಶುರುವಾಗುವುದು ಅರ್ಧ ಗಂಟೆ ತಡವಾಗಿತ್ತು. ಗಡುವನ್ನು ಮಾತ್ರ ಯಾರೂ ಮುಂದೆ ಹಾಕಲಿಲ್ಲ. ಹನ್ನೆರಡಕ್ಕೆ ಸರಿಯಾಗಿ ರಸ್ತೆಯನ್ನು ವಾಹನಗಳಿಗೆ ಬಿಡಬೇಕಿತ್ತು. ಅಷ್ಟರೊಳಗೆ ಸೈಕಲ್ ಇಳಿಯದವರಿಗೆ ಓಟವಿಲ್ಲ, ಮನೆಗೆ ಹೋಗುವುದೇ.

ಈಜಿನಲ್ಲಿ ಸೂಜಿ ಮೀನು. ಲಿಫ್ಟ್ ಈಜುವುದನ್ನು ನೋಡಿದರೆ ಯಾರೋ ಮೇಲಿನಿಂದ ತಳ್ಳಿದ ಹಾಗೆ ಕಾಣುತ್ತಿತ್ತು. ಅರ್ಧ ಕೆರೆ ಕುಡಿದು, ಅವಳಿಗಿಂತ ಹನ್ನೆರಡು ನಿಮಿಷ ತಡವಾಗಿ ದಡ ಸೇರಿ, ಆಮೇಲೆ ಆ ಎರಡು ಪಂಚರ್ ಹಾಕಿಕೊಂಡು, ಈಗ ಅವಳನ್ನು ಹಿಡಿದಿದ್ದ.

ಈ ಆಟಕ್ಕೊಂದು ನಿಯಮವಿದೆ. ಮುಂದಿನ ಸೈಕಲ್ಲಿಗೂ ಹಿಂದಿನ ಸೈಕಲ್ಲಿಗೂ ನಡುವೆ ಹನ್ನೆರಡು ಮೀಟರ್ ಅಂತರ ಇರಬೇಕು. ಒಬ್ಬರ ಬೆನ್ನ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಹೋಗುವುದು ಮೋಸ. ದಾಟುವುದಾದರೆ ಇಪ್ಪತ್ತೈದು ಸೆಕೆಂಡಿನಲ್ಲಿ ದಾಟಬೇಕು. ದಾಟಿಸಿಕೊಂಡವರು ಮತ್ತೆ ಹನ್ನೆರಡು ಮೀಟರ್ ಹಿಂದೆ ಸರಿದು, ಬೇಕಾದರೆ ಆಮೇಲೆ ದಾಟಬಹುದು. ಅಂದರೆ, ಇಬ್ಬರು ಮನುಷ್ಯರಿಗೆ ಪಕ್ಕಪಕ್ಕದಲ್ಲಿ ಸಿಕ್ಕುವ ಸಮಯ ಇಪ್ಪತ್ತೈದು ಸೆಕೆಂಡು.

ಲಿಫ್ಟ್ ಮುಂದೆ ಹೋದವನು ಬೇಕೆಂದೇ ನಿಧಾನ ಮಾಡಿದ. ಅವಳಿಗೆ ಅವನನ್ನು ದಾಟದೆ ಬೇರೆ ದಾರಿಯಿರಲಿಲ್ಲ. ಪಕ್ಕಕ್ಕೆ ಬಂದದ್ದೇ ತಡ, ಆರು ದಿನದಿಂದ ಒಳಗೇ ಕುದಿಯುತ್ತಿದ್ದದ್ದು ಹೊರಗೆ ಬಂತು.

“ಕೋಚ್ ಹತ್ರ ನನ್ನ ಹೆಸರು ತೆಗೆಸೋಕೆ ಹೇಳ್ದೆ ಅಲ್ವಾ?”

“ಹೇಳ್ದೆ. ಆದ್ರೆ ಅದು ಯಾಕೆ ಅಂದ್ರೆ…”

“ಟೈಮ್ ಆಯ್ತು, ಹಿಂದೆ ಹೋಗು.”

ಪಾಪ, ಹಿಂದೆ ಹೋದ. ಹನ್ನೆರಡು ಮೀಟರ್ ಆದ ಕೂಡಲೇ ಮತ್ತೆ ತುಳಿದುಕೊಂಡು ಬಂದ. ಕನ್ನಡಕದ ಮೇಲೆಲ್ಲ ನೀರು. ಅದನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅದರ ಮೇಲಿಂದ ಕಣ್ಣು ಹಾಯಿಸಿ ಅವಳನ್ನು ನೋಡಿದ. ಹಾಗೆ ನೋಡಿದರೆ ಅವಳಿಗೆ ಕೋಪವನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟವಾಗುತ್ತಿತ್ತು. ಹಾಗಾಗಿ ಅವಳು ರಸ್ತೆಯನ್ನೇ ನೋಡಿದಳು.

“ಹೋದ ವಾರ ನಿಮ್ಮ ಆಸ್ಪತ್ರೆ ಲಿಫ್ಟ್ ನೋಡೋಕೆ ಬಂದಿದ್ದೆ. ನೀನು ಒಬ್ಬ ತಾತನ ತೋಳಿಗೆ ರಬ್ಬರ್ ಕಟ್ಟಿ, ಹಾಗೇ ನಿಂತಲ್ಲೇ ತೂಕಡಿಸ್ತಿದ್ದೆ. ಆ ತಾತ ನಿನ್ನ ಎಬ್ಬಿಸದೇ ಸುಮ್ನೆ ಕೂತಿದ್ರು. ನಂಗೆ ಭಯ ಆಯ್ತು.”

“ಭಯ ಆದ್ರೆ ನನ್ನ ಹತ್ರ ಹೇಳ್ಬೇಕು. ಕೋಚ್ ಹತ್ರ ಅಲ್ಲ.”

“ಹೌದು. ನಿನ್ನ ಕೇಳ್ಬೇಕಿತ್ತು. ತಪ್ಪಾಯ್ತು.”

ಅಷ್ಟು ಹೇಳಿ ಮುಂದೆ ಹೋದ. ತಪ್ಪಾಯ್ತು ಎಂಬ ಮಾತಿಗೆ ಅವಳು ಸಿದ್ಧಳಾಗಿರಲಿಲ್ಲ. ಅವನು ವಾದ ಮಾಡುತ್ತಾನೆ, ತಾನೂ ನಾಲ್ಕು ಮಾತು ಬಿಗಿಯಬಹುದು ಎಂದು ಲೆಕ್ಕ ಹಾಕಿದ್ದಳು. ಕೋಪ ಹೋದ ಜಾಗದಲ್ಲಿ ಈಗ ಬರೀ ಸುಸ್ತು ಉಳಿಯಿತು. ತೊಡೆ ಸೋತಿತ್ತು, ಬೆರಳುಗಳಿಗೆ ಬ್ರೇಕಿನ ಸ್ಪರ್ಶವೇ ಗೊತ್ತಾಗುತ್ತಿರಲಿಲ್ಲ, ಶೂಗಳೊಳಗೆ ನೀರು ಪಚಪಚ ಎನ್ನುತ್ತಿತ್ತು. ಕೋಪವಿದ್ದಾಗ ಇದ್ಯಾವುದೂ ಗೊತ್ತಾಗಿರಲಿಲ್ಲ.

ಅವನು ಮತ್ತೆ ನಿಧಾನ ಮಾಡಿದ್ದ. ಅವಳು ಪಕ್ಕಕ್ಕೆ ಬಂದಳು.

“ರೇಸ್ ಮುಗಿಯೋವರೆಗೂ ಕಾಯ್ಬೇಡ,” ಅಂದಳು. “ನಾನು ಇಲ್ಲ ಅನ್ನೋಣ ಅಂತಿದ್ದೀನಿ.”

ಹೇಳಿ, ಸರ್ರನೆ ದಾಟಿ ಮುಂದೆ ಹೋದಳು. ಹಿಂದಿನಿಂದ ಬಹಳ ಹೊತ್ತು ಯಾರೂ ಬರಲಿಲ್ಲ. ಇನ್ನು ಬರುವುದಿಲ್ಲ ಎಂದುಕೊಂಡಳು. ಎರಡು ಕಿಲೋಮೀಟರ್ ಕಳೆದ ಮೇಲೆ ಆ ಸದ್ದಿಲ್ಲದ ಚೈನು ಪಕ್ಕಕ್ಕೆ ಬಂತು.

“ಯಾಕೆ?” ಅಂದ ಅವನು. ದನಿಯಲ್ಲಿ ತಮಾಷೆಯಿರಲಿಲ್ಲ.

“ನೀನು ಇಷ್ಟ ಇಲ್ಲ ಅಂತ ಅಲ್ಲ.”

“ಮತ್ತೆ?”

“ಸುಸ್ತು ಕಣೋ.” ಮಳೆಯೊಳಗೆ ಅವಳ ದನಿ ಒಡೆಯಿತು. “ಪ್ರೀತಿ ಅಂದ್ರೆ ಚೆನ್ನಾಗಿ ಕಾಣ್ಬೇಕು, ಫೋನ್ ಮಾಡಿದ್ರೆ ನಗ್ನಗ್ತಾ ಮಾತಾಡ್ಬೇಕು, ನಿಮ್ಮ ಅಮ್ಮ ಬಂದ್ರೆ ಉಪಚಾರ ಮಾಡ್ಬೇಕು. ನಾನು ಸಂಜೆ ಮನೆಗೆ ಹೋದ್ರೆ ಬಟ್ಟೆ ಬದಲಾಯಿಸೋಕೂ ಜೀವ ಇರಲ್ಲ. ಇನ್ನೊಬ್ಬರನ್ನ ನೋಡ್ಕೊಳ್ಳೋಕೆ ನನ್ನ ಹತ್ರ ಏನೂ ಉಳಿದಿಲ್ಲ.”

“ನನ್ನ ನೋಡ್ಕೋ ಅಂತ ಯಾರು ಕೇಳಿದ್ರು?”

“ಎಲ್ರೂ ಕೊನೆಗೆ ಕೇಳ್ತಾರೆ.”

“ನಾನು ಮೂವತ್ತೆಂಟು ವರ್ಷ ನನ್ನ ಬಟ್ಟೆ ನಾನೇ…”

“ಹುಟ್ಟಿದಾಗಿಂದ್ಲಾ?”

ಅವನಿಗೆ ನಗು ಬಂತು. ಅವಳಿಗೂ ಬಂತು, ಅಳುವಿನ ಜೊತೆಗೇ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಹಾಗೇ ತುಳಿಯುತ್ತಾ ಹೋದರು. ಇಪ್ಪತ್ತೈದು ಸೆಕೆಂಡು ಯಾವಾಗಲೋ ಮುಗಿದು, ಒಂದು ನಿಮಿಷವಾಗಿ, ಎರಡು ನಿಮಿಷಕ್ಕೆ ಹತ್ತಿರ ಬಂದಿತ್ತು. ಮೂರು ವರ್ಷ ಆ ನಿಯಮವನ್ನು ಕಣ್ಣಿಗೊತ್ತಿಕೊಂಡು ಪಾಲಿಸಿದವರಿಗೆ ಅದು ನೆನಪೇ ಆಗಲಿಲ್ಲ.

ಪೀ ಎಂದು ಸೀಟಿ ಕೇಳಿಸಿತು. ಮೋಟರ್‌ಸೈಕಲ್ಲೊಂದರ ಹಿಂದೆ ರೇನ್‌ಕೋಟ್ ಹಾಕಿ ಕೂತಿದ್ದ ಅಂಪೈರು ಅವರ ಪಕ್ಕಕ್ಕೆ ಬಂದು ನೀಲಿ ಕಾರ್ಡ್ ಎತ್ತಿ ಹಿಡಿದ.

“ಇಬ್ರಿಗೂ ಐದು ನಿಮಿಷ! ಎಪ್ಪತ್ತನೇ ಕಿಲೋಮೀಟರ್ ಟೆಂಟಲ್ಲಿ ನಿಲ್ಸಿ! ಇದೇನು ಪಾರ್ಕಾ?”

ಪೆನಾಲ್ಟಿ ಟೆಂಟು ಅಂದರೆ ನಾಲ್ಕು ಕಂಬ, ಮೇಲೊಂದು ನೀಲಿ ಟಾರ್ಪಾಲಿನು, ಒಂದು ಬೆಂಚು, ಎರಡು ಸ್ಟಾಪ್‌ವಾಚ್ ಹಿಡಿದ ಒಬ್ಬ ಮೇಡಂ. ಮೇಡಂ ರಿಟೈರ್ ಆದ ಗಣಿತದ ಟೀಚರ್ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಗಂಟೆ ಹನ್ನೊಂದು ದಾಟಿ ಮೂರು ನಿಮಿಷ. ಲಿಫ್ಟ್ ಮೊದಲು ಇಳಿದ. ಅವಳು ಅವನ ಹಿಂದೆ ಅರ್ಧ ನಿಮಿಷಕ್ಕೆ ಇಳಿದಳು.

“ಗಂಡ ಹೆಂಡ್ತೀನಾ?” ಎಂದು ಮೇಡಂ ಕೇಳಿದರು. ಅಂಪೈರು ಆಗಲೇ ಫೋನಿನಲ್ಲಿ ಎಲ್ಲ ಹೇಳಿದ್ದ.

“ಅಲ್ಲ,” ಎಂದರು ಇಬ್ಬರೂ ಒಟ್ಟಿಗೆ.

“ಮತ್ತೆ ರಸ್ತೇಲಿ ಅಷ್ಟೊಂದು ಜಗಳ ಏನು? ಮಾತಾಡಿದ್ದಕ್ಕೆ ತಾನೇ ಶಿಕ್ಷೆ? ಇಲ್ಲಿ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ.”

ಬಾಯಿ ಮುಚ್ಚಿಕೊಂಡು ಕೂತರು. ಟಾರ್ಪಾಲಿನ ಮೇಲೆ ಮಳೆ ಒಂದೇ ಸಮ ಹೊಡೆಯುತ್ತಿತ್ತು. ಮಾಡಲು ಏನೂ ಇರಲಿಲ್ಲ. ಮಾಡಲು ಏನೂ ಇಲ್ಲದೆ, ಮಾಡಲೂ ಬಾರದ ಹಾಗೆ, ಅವಳು ಕೂತು ಎಷ್ಟು ಕಾಲವಾಗಿತ್ತೋ! ಯಾರ ತೋಳೂ ಮುಂದೆ ಚಾಚಿರಲಿಲ್ಲ, ಯಾವ ಕೋಣೆಯಿಂದಲೂ ಕಂಬಿ ತಟ್ಟುವ ಸದ್ದಿರಲಿಲ್ಲ. ಸ್ವಲ್ಪ ಕಣ್ಣು ಮುಚ್ಚೋಣ ಎಂದುಕೊಂಡಳು. ತಲೆ ಮೆಲ್ಲಗೆ ವಾಲಿ ಅವನ ಒದ್ದೆ ಭುಜಕ್ಕೆ ತಾಗಿತು, ಅಷ್ಟೇ ಅವಳಿಗೆ ಗೊತ್ತು.

ನಿದ್ದೆಯ ತಳದಿಂದ ಎಲ್ಲೋ ದೂರದಲ್ಲಿ ಮಾತು ಕೇಳಿಸುತ್ತಿತ್ತು.

“ನಿಂದು ಮುಗೀತಪ್ಪ, ಹೊರಡು.” ಮೇಡಂ ದನಿ ತಗ್ಗಿಸಿದ್ದರು. “ಮೆತ್ತಗೆ ಎದ್ದು ಹೋಗು. ಈ ಹುಡುಗಿ ಮಲಗ್ಲಿ ಬಿಡು. ಮುಖ ನೋಡು, ಹೇಗಾಗಿದೆ. ಹೇಗೂ ಈ ಗಾಳೀಲಿ ಹನ್ನೆರಡರೊಳಗೆ ಮುಟ್ಟಲ್ಲ.”

“ನಂಗೂ ಹಾಗೇ ಅನ್ಸುತ್ತೆ ಮೇಡಂ. ಮಲಗ್ಲಿ ಅಂತ್ಲೇ ಆಸೆ.”

“ಮತ್ತೇನು?”

“ಒಂದ್ಸಲ ಅವಳ ಬದ್ಲು ನಾನೇ ಯೋಚ್ನೆ ಮಾಡಿ ಕೆಡಿಸ್ಕೊಂಡಿದ್ದೀನಿ. ಅವಳ ಐದು ನಿಮಿಷ ಆದ್ಮೇಲೆ ಎಬ್ಬಿಸ್ತೀನಿ. ಆಮೇಲೆ ಅವಳಿಷ್ಟ.”

ಭುಜ ಅಲುಗಲಿಲ್ಲ. ಅವನು ಉಸಿರನ್ನು ಕೂಡ ಎಚ್ಚರಿಕೆಯಿಂದ ಬಿಡುತ್ತಿದ್ದ. ನಿದ್ದೆಗೂ ಎಚ್ಚರಕ್ಕೂ ನಡುವೆ ಸೂಜಿ ಅದನ್ನೆಲ್ಲ ಕೇಳಿಸಿಕೊಂಡಳು. ಕಣ್ಣು ತೆರೆಯುವಷ್ಟು ಶಕ್ತಿ ಇರಲಿಲ್ಲ. ಆಮೇಲೆ ಮೊಣಕೈಗೆ ಒಂದು ತಣ್ಣನೆಯ ಬೆರಳು ತಾಗಿತು.

“ಟೈಮ್ ಆಯ್ತು. ಹೋಗ್ತೀಯಾ, ಮಲಗ್ತೀಯಾ?”

ಅವಳು ಕಣ್ಣು ಬಿಟ್ಟಳು. ಅವನ ಮುಖ ಹತ್ತಿರದಲ್ಲಿತ್ತು. ಹುಬ್ಬಿನಿಂದ ನೀರಿನ ಹನಿಯೊಂದು ಇಳಿದು, ಮೂಗಿನ ಪಕ್ಕಕ್ಕೆ ಬಂದು ನಿಂತಿತ್ತು. ಆ ಕಣ್ಣಿನಲ್ಲಿ ಹೋಗು ಎಂಬುದೂ ಇರಲಿಲ್ಲ, ಬೇಡ ಎಂಬುದೂ ಇರಲಿಲ್ಲ. ಎರಡು ವರ್ಷದಿಂದ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಪಾಪ ಎಂದವರು ಬಹಳ ಜನ, ಹುಷಾರು ಎಂದವರು ಇನ್ನೂ ಬಹಳ ಜನ. ಏನು ಮಾಡುತ್ತೀಯಾ ಎಂದು ಕೇಳಿದವರಿಲ್ಲ.

“ಹೋಗ್ತೀನಿ,” ಅಂದಳು.

“ಹಾಗಾದ್ರೆ ಹೊರಡು. ಇಪ್ಪತ್ತು ಕಿಲೋಮೀಟರ್, ಐವತ್ತೊಂದು ನಿಮಿಷ. ನಾನು ಮುಂದೆ ಹೋಗ್ತೀನಿ, ಇಲ್ದಿದ್ರೆ ಮತ್ತೆ ಮಾತಾಡ್ಬಿಡ್ತೀವಿ.”

ಸದ್ದಿಲ್ಲದ ಚೈನು ಮಳೆಯೊಳಗೆ ಕರಗಿಹೋಯಿತು. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ನೋಡಿದರೆ ನಿಧಾನ ಮಾಡಿಬಿಡುತ್ತಾನೆ ಎಂದು ಅವಳಿಗೂ ಗೊತ್ತಿತ್ತು.

ಆ ಇಪ್ಪತ್ತು ಕಿಲೋಮೀಟರನ್ನು ಅವಳು ಹೇಗೆ ತುಳಿದಳು ಎಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ಎದುರುಗಾಳಿ ಎದೆಗೆ ಕೈ ಕೊಟ್ಟು ತಳ್ಳುತ್ತಿತ್ತು. ಒಂದು ತಿರುವಿನಲ್ಲಿ ಚಕ್ರ ಜಾರಿ ಜೀವ ಬಾಯಿಗೆ ಬಂದಿತ್ತು. ಕೊನೆಯ ಸೇತುವೆಯ ಮೇಲೆ ಅತ್ತಳು, ಅಳುತ್ತಲೇ ತುಳಿದಳು. ಗಡುವಿನ ಗೆರೆಯ ಹತ್ತಿರ ಒಬ್ಬ ಕೈಯಲ್ಲಿ ಕೆಂಪು ಬಾವುಟ ಹಿಡಿದು ಗಡಿಯಾರ ನೋಡುತ್ತಿದ್ದ. ಅವಳು ಸೈಕಲ್ ಇಳಿದಾಗ ಹನ್ನೊಂದು ಐವತ್ತೆಂಟು.

ಇಳಿದ ಮೇಲೆ ಓಟ. ಓಟ ಎಂದು ಕರೆಯುವುದು ಸುಮ್ಮನೆ ಮರ್ಯಾದೆಗೆ. ಅವಳು ಸ್ವಲ್ಪ ಓಡಿದಳು, ಬಹಳ ನಡೆದಳು. ಕೆರೆ ಏರಿಯ ಮೇಲೆ ಮೂರು ಸಲ ಹೋಗಿ ಮೂರು ಸಲ ಬರಬೇಕಿತ್ತು. ಹೋಗುವವರೂ ಬರುವವರೂ ಅಲ್ಲಲ್ಲಿ ಎದುರಾಗುತ್ತಿದ್ದರು. ಮೊದಲ ಸಲ ಅವನು ಎದುರು ಬಂದಾಗ ಅವಳನ್ನು ಕಂಡು ಎರಡೂ ಕೈ ಮೇಲೆತ್ತಿ ಕುಣಿದುಬಿಟ್ಟ. ಹಿಂದಿದ್ದವನೊಬ್ಬ ಅವನಿಗೆ ಡಿಕ್ಕಿ ಹೊಡೆದು ಬೈದುಕೊಂಡು ಹೋದ. ಎರಡನೇ ಸಲ ಸುಮ್ಮನೆ ನೋಡಿದ. ಅವಳೂ ನೋಡಿದಳು. ದಾಟಿ ಹೋದ ಮೇಲೆ ಇಬ್ಬರೂ ಒಂದೇ ಸಮಯಕ್ಕೆ ತಿರುಗಿದರು, ಸಿಕ್ಕಿಬಿದ್ದವರ ಹಾಗೆ ಮುಖ ತಿರುಗಿಸಿಕೊಂಡರು. ಮೂರನೇ ಸಲ ಅವನು ಎದುರಾಗಲಿಲ್ಲ. ಅವನದು ಮುಗಿದಿತ್ತು.

ನಡೆಯುತ್ತಾ ನಡೆಯುತ್ತಾ ಅವಳು ಯೋಚಿಸಿದಳು. ಇಲ್ಲ ಎಂದು ಹೇಳಿಯಾಗಿದೆ. ಅದನ್ನು ಅವನು ಮತ್ತೆ ಕೇಳುವುದಿಲ್ಲ, ಅಂಥವನಲ್ಲ. ನಾಳೆಯಿಂದ ಮತ್ತೆ ಟೈರು, ಮಂಡಿನೋವು, ಬಾಳೆಹಣ್ಣು. ಸ್ವಲ್ಪ ದಿನಕ್ಕೆ ಅದೂ ನಿಂತುಹೋಗುತ್ತದೆ. ತಾನು ಬಾಯಿ ಬಿಡದಿದ್ದರೆ ಇಷ್ಟೇ. ಆದರೆ ಬಾಯಿ ಬಿಟ್ಟು ಏನೆನ್ನುವುದು? ಸಿನಿಮಾದವರ ಹಾಗೆ ಎರಡು ಚಂದದ ಮಾತು ಹುಡುಕಿದಳು. ಒಂದೂ ಸಿಕ್ಕಲಿಲ್ಲ, ಸುಸ್ತಿನಲ್ಲಿ ಎಲ್ಲ ಮರೆತುಹೋಗಿತ್ತು.

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ ಅವಳು ಮುಗಿಸಿದಾಗ ಚಪ್ಪಾಳೆ ತಟ್ಟಲು ಏಳೆಂಟು ಜನ ಉಳಿದಿದ್ದರು. ಯಾರೋ ಕೊರಳಿಗೆ ಪದಕ ಹಾಕಿದರು. ಅವನು ಮೈ ಬೆಚ್ಚಗಿಡಲೆಂದು ಕೊಡುವ ಬೆಳ್ಳಿ ಬಣ್ಣದ ಹಾಳೆಯೊಂದನ್ನು ಸುತ್ತಿಕೊಂಡು, ಒಂದು ಗಂಟೆ ಹೊತ್ತಿನಿಂದ ಮಳೆಯಲ್ಲೇ ನಿಂತಿದ್ದ. ಅವಳಿಗೆಂದು ತೆಗೆದಿಟ್ಟಿದ್ದ ಇನ್ನೊಂದು ಹಾಳೆಯನ್ನು ಬಿಡಿಸಿ ಭುಜಕ್ಕೆ ಹೊದಿಸಿದ. ಇಬ್ಬರೂ ರಸ್ತೆ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತರು.

ಅವಳು ಶೂ ಲೇಸಿಗೆ ಕೈ ಹಾಕಿದಳು. ಬೆರಳು ಬಗ್ಗಲೇ ಇಲ್ಲ.

“ಬಿಚ್ಲಾ?” ಅಂದ.

ಎಂದಿನ ಸೂಜಿಯಾಗಿದ್ದರೆ ಬೇಡ ಎನ್ನುತ್ತಿದ್ದಳು. “ಬಿಚ್ಚು,” ಅಂದಳು.

ಅವನು ಕೆಳಗೆ ಕೂತು, ಕೆಸರು ಮೆತ್ತಿದ ಗಂಟನ್ನು ಉಗುರಿನಿಂದ ಬಿಡಿಸತೊಡಗಿದ. ತಲೆ ಬಗ್ಗಿಸಿದ್ದ. ಕತ್ತಿನ ಹಿಂದೆ ಎರಡು ನರೆಗೂದಲು ಅಂಟಿಕೊಂಡಿದ್ದವು. ಉತ್ತರದ ಬಗ್ಗೆ ಅವನು ಒಂದು ಮಾತೂ ಎತ್ತಲಿಲ್ಲ. ಅವಳಿಗೆ ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಅದೇ ಒಂದು ಆಯಾಸದ ಹಾಗೆ ಎದೆಯ ಮೇಲೆ ಕೂತಿತು.

“ನಾಳೆ ನಂಗೆ ರಜ,” ಎಂದಳು.

“ಹೂಂ.”

“ಬೆಳಿಗ್ಗೆ ಎಂಟಕ್ಕೆ ಅಪ್ಪಂಗೆ ಸ್ನಾನ ಮಾಡಿಸ್ಬೇಕು. ಮಂಚದಿಂದ ಎತ್ತಿ ಕುರ್ಚಿಗೆ ಕೂರಿಸ್ಬೇಕು.” ಈ ಮಾತನ್ನು ಅವಳು ಚಿಕ್ಕಮ್ಮನಿಗೆ ಹೇಳಿರಲಿಲ್ಲ, ಡಾಕ್ಟರಿಗೆ ಹೇಳಿರಲಿಲ್ಲ, ತನಗೆ ತಾನೇ ಹೇಳಿಕೊಂಡಿರಲಿಲ್ಲ. “ಬರ್ತೀಯಾ? ನನ್ನೊಬ್ಬಳ ಕೈಲಿ ಆಗ್ತಿಲ್ಲ.”

ಲೇಸಿನ ಮೇಲಿದ್ದ ಅವನ ಬೆರಳು ನಿಂತಿತು. ತಲೆ ಎತ್ತಿ ನೋಡಿದ. ಅವಳು ಅಳುತ್ತಿದ್ದಳು, ಮಳೆ ಎಂದು ಹೇಳಿ ತಪ್ಪಿಸಿಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ. ಅವನ ಕಣ್ಣೂ ತುಂಬಿತು. ಆದರೆ ಅವನು ಕೇಳಿದ್ದು ಇಷ್ಟೇ:

“ಅವ್ರಿಗೆ ನೀರು ಎಷ್ಟು ಬಿಸಿ ಬೇಕು?”

“ಉಗುರುಬೆಚ್ಚಗೆ. ಮೊದಲು ಕಾಲಿಗೆ ಹಾಕ್ಬೇಕು, ಆಮೇಲೆ ಮೈಗೆ.”

“ಎತ್ತುವಾಗ?”

“ಎಡಗೈ ಹಿಡಿದು ಎಳೀಬೇಡ, ಭುಜ ಜಾರುತ್ತೆ. ಬೆನ್ನ ಹಿಂದೆ ಕೈ ಕೊಡು. ಒಂದು, ಎರಡು, ಮೂರು ಅಂತ ಹೇಳ್ಬೇಕು, ಇಲ್ಲಾಂದ್ರೆ ಹೆದರ್ಕೋತಾರೆ. ಸೋಪು ಕಣ್ಣಿಗೆ ಹೋದ್ರೆ ಬೈತಾರೆ, ಬೇಜಾರು ಮಾಡ್ಕೋಬೇಡ.”

ಅವಳು ಹೇಳುತ್ತಾ ಹೋದಳು. ಟವೆಲು ಎಲ್ಲಿರುತ್ತದೆ, ಯಾವ ಅಂಗಿಗೆ ಗುಂಡಿ ಸಡಿಲ, ತಲೆ ಒರೆಸುವಾಗ ಅಪ್ಪ ಮಗುವಿನ ಹಾಗೆ ಕಣ್ಣು ಮುಚ್ಚಿಕೊಳ್ಳುವುದು, ಎಲ್ಲ. ಎರಡು ವರ್ಷ ಒಬ್ಬಳೇ ಹೊತ್ತುಕೊಂಡಿದ್ದನ್ನು ಒಂದೊಂದಾಗಿ ಅವನ ಕೈಗೆ ಕೊಟ್ಟಳು. ಅವನು ಅವಳ ಕೆಸರು ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಾ, ಕೆಲಸ ಕಲಿಯುವವನ ಹಾಗೆ ಪ್ರತಿಯೊಂದಕ್ಕೂ ಹೂಂಗುಟ್ಟಿದ.

ಹೇಳುವುದೆಲ್ಲ ಮುಗಿಯಿತು. ಅವನು ಇನ್ನೂ ಪಾದ ಬಿಟ್ಟಿರಲಿಲ್ಲ.

“ನಾಡಿದ್ದು?” ಎಂದು ಕೇಳಿದ.

“ನಾಡಿದ್ದೂ ಬಾ,” ಎಂದಳು. “ದಿನಾ ಬಾ.”